ಸಿಂಹ ಕೆಮ್ಮಿದಾಗ

ಚೆನ್ನೈ ಹೊರವಲಯದ ವಂಡಲೂರಿನ ಅರಿಞರ್ ಅಣ್ಣಾ ಮೃಗಾಲಯದಲ್ಲಿ 2021ರ ಮೇ 26ರಂದು ಐದು ಸಿಂಹಗಳು ಸರಿಯಾಗಿ ಮಾಂಸ ತಿನ್ನಲಿಲ್ಲ, ಆಗೊಮ್ಮೆ ಈಗೊಮ್ಮೆ ಕೆಮ್ಮಿದವು. ಜೂನ್ 3ರ ಸಂಜೆ ಒಂಬತ್ತು ವರ್ಷದ ನೀಲಾ ಎಂಬ ಹೆಣ್ಣುಸಿಂಹ ಸತ್ತಿತು. ಹಿಂದಿನ ದಿನ ಮೂಗಿನಿಂದ ಸ್ವಲ್ಪ ನೀರು ಸುರಿದದ್ದು ಬಿಟ್ಟರೆ ಅದರಲ್ಲಿ ಕಾಯಿಲೆಯ ಸುಳಿವೇ ಕಂಡಿರಲಿಲ್ಲ.

ಮೃಗಾಲಯದ ವೈದ್ಯರ ದೊಡ್ಡ ತಲೆನೋವೇ ಇದು. ಕಾಡಿನಲ್ಲಿ ಸೊರಗಿದಂತೆ ಕಂಡ ಪ್ರಾಣಿಗೆ ಉಳಿಗಾಲವಿಲ್ಲ; ಹಾಗಾಗಿ ನೋವನ್ನು ಅಡಗಿಸುವುದು ಅವುಗಳ ಸ್ವಭಾವದಲ್ಲೇ ಬೆರೆತಿದೆ. ಅದು ಮೊದಲು ಬಯಲಾಗುವುದು ಪ್ರಾಣಿಪಾಲಕರ ಕಣ್ಣಿಗೆ. ತಟ್ಟೆಯಲ್ಲಿ ಉಳಿದ ಮಾಂಸ, ಆನೆಯ ಲದ್ದಿ, ಜಿಂಕೆಯ ಹಿಕ್ಕೆ, ಬೆಳಿಗ್ಗೆ ಎದ್ದು ನಿಲ್ಲುವಾಗ ಎಳೆಯುವ ಒಂದು ಕಾಲು, ಇವೆಲ್ಲ ಅವರ ದಿನಚರಿಯ ಭಾಗ. ಪ್ರಯೋಗಾಲಯದ ವರದಿಗಿಂತ ಪಾಲಕರ ಈ ಗಮನಿಕೆಯನ್ನು ಕೀಳಾಗಿ ಕಾಣುವವರಿದ್ದಾರೆ, ನಾನು ಮಾತ್ರ ಅವರ ಪೈಕಿಯಲ್ಲ.

ಕಾಯಿಲೆಯ ಅನುಮಾನ ಬಂದ ಮೇಲೆ ಮಾದರಿಗಾಗಿ ಸಿಂಹದ ಮೂಗಿಗೆ ಕಡ್ಡಿ ಹಾಕುವುದು ಹೇಗೆ? ಅರಿವಳಿಕೆ ಕೊಡಬಹುದು, ಆದರೆ ಅದು ಸುಲಭದ ದಾರಿಯಲ್ಲ. ತೂಕವನ್ನು ಹೆಚ್ಚಾಗಿ ಅಂದಾಜಿನಲ್ಲೇ ಹಿಡಿಯಬೇಕು. ಹೊಟ್ಟೆ ತುಂಬಿದ್ದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮದ್ದಿನ ಮತ್ತಿನಲ್ಲಿ ದೇಹಕ್ಕೆ ತನ್ನ ಉಷ್ಣತೆಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದುತ್ತದೆ, ಚೆನ್ನೈನ ಉರಿಬಿಸಿಲಿನಲ್ಲಂತೂ ಅದು ಪ್ರಾಣಕ್ಕೇ ಎರವಾದೀತು. ಅದರ ಮೇಲೆ ಶ್ವಾಸಕೋಶಕ್ಕೇ ಸೋಂಕು ತಗುಲಿದ್ದರೆ ಕೇಳುವುದೇ ಬೇಡ.

ಇದಕ್ಕೆಂದೇ ಇರುವುದು ‘ಸ್ಕ್ವೀಜ್ ಕೇಜ್’. ಒಂದು ಬದಿಯ ಗೋಡೆ ಸರಿದಾಡುವ ಇಕ್ಕಟ್ಟಾದ ಬೋನು ಅದು. ಪ್ರಾಣಿ ಒಳಗೆ ಬಂದ ಮೇಲೆ ಗೋಡೆಯನ್ನು ನಿಧಾನವಾಗಿ ತಳ್ಳಿದರೆ ಅದು ಸರಳುಗಳಿಗೆ ಒತ್ತಿಕೊಂಡು ನಿಲ್ಲುತ್ತದೆ, ತಿರುಗಲು ಜಾಗವಿರುವುದಿಲ್ಲ. ಸರಳುಗಳ ಸಂದಿನಿಂದ ತೊಡೆಗೆ ಚುಚ್ಚುಮದ್ದು ಕೊಡಬಹುದು. ಬಾಲವನ್ನು ಹೊರಗೆಳೆದು ಅದರ ರಕ್ತನಾಳದಿಂದ ರಕ್ತ ತೆಗೆಯಬಹುದು. ಆದರೆ ಗದರಿಸಿ ಬೋನಿಗೆ ಅಟ್ಟಿದ ಪ್ರಾಣಿ ಮತ್ತೊಮ್ಮೆ ಅದರತ್ತ ಸುಳಿಯುವುದಿಲ್ಲ. ದಿನವೂ ಅದೇ ಬೋನಿನ ಮೂಲಕ ಹಾದು ಊಟಕ್ಕೆ ಹೋಗುವ ಅಭ್ಯಾಸ ಮಾಡಿಸಿದರೆ ಮದ್ದಿನ ದಿನವೂ ತಾನಾಗಿಯೇ ಬರುತ್ತದೆ.

ವಂಡಲೂರಿನ ಹನ್ನೊಂದು ಸಿಂಹಗಳ ಮಾದರಿಗಳು ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪಶುರೋಗ ಸಂಸ್ಥೆಗೆ ಹೋದವು. ಒಂಬತ್ತರಲ್ಲಿ ಕೊರೊನಾ ಸೋಂಕಿತ್ತು. ನಾಲ್ಕು ಮಾದರಿಗಳ ಜೀನೋಮ್ ಓದಿದಾಗ ಸಿಕ್ಕಿದ್ದು ಡೆಲ್ಟಾ, ಆಗ ನಮ್ಮನ್ನೆಲ್ಲ ಆಸ್ಪತ್ರೆಗೆ ಅಟ್ಟುತ್ತಿದ್ದ ತಳಿಯೇ. ವೈರಸ್ಸು ಜೀವಕೋಶದೊಳಗೆ ನುಸುಳಲು ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನು ಬೆಕ್ಕಿನ ಕುಲದಲ್ಲಿ ನಮ್ಮದನ್ನೇ ಹೋಲುತ್ತದೆ. 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹುಲಿಗೂ, 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಎಂಟು ಸಿಂಹಗಳಿಗೂ ಸೋಂಕು ತಗುಲಿದ್ದು ದೃಢಪಟ್ಟಿತ್ತು. ಪ್ರಾಣಿಗಳಿಂದ ಮನುಷ್ಯರಿಗೆ ರೋಗ ಬರುವುದನ್ನೇ ಕೇಳಿದ್ದ ನಮಗೆ, ನಾವೇ ಅವಕ್ಕೆ ರೋಗ ಹಂಚಬಹುದೆಂಬುದು ಹೊಸ ಸುದ್ದಿಯಾಯಿತು.

ಜೂನ್ 16ರಂದು ವಂಡಲೂರಿನ 12 ವರ್ಷದ ಗಂಡುಸಿಂಹವೂ ಸತ್ತಿತು. ಮರುವರ್ಷ ಜೂನ್‌ನಲ್ಲಿ ಹಿಸಾರಿನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ‘ಅನೊಕೊವ್ಯಾಕ್ಸ್’ ಬಿಡುಗಡೆಯಾಯಿತು. ನಿಷ್ಕ್ರಿಯಗೊಳಿಸಿದ ಡೆಲ್ಟಾ ವೈರಸ್ಸಿನಿಂದಲೇ ತಯಾರಾದ, ಪ್ರಾಣಿಗಳಿಗೆಂದೇ ಇರುವ ಲಸಿಕೆ ಅದು. ಆದರೆ ಸಿಂಹದ ಮೈಗೆ ಅದನ್ನು ಚುಚ್ಚಬೇಕಾದರೆ ಯಾರಾದರೂ ತಿಂಗಳುಗಟ್ಟಲೆ ಮೊದಲೇ ಅದಕ್ಕೆ ಬೋನಿನ ಅಭ್ಯಾಸ ಮಾಡಿಸಿರಬೇಕು.