ಹಿಮ ಹಿಂದೆ ಸರಿದ ವೇಗ

ಸುಮಾರು 21,000 ವರ್ಷಗಳ ಹಿಂದೆ ಇಂದಿನ ಕೆನಡಾ ಹೆಚ್ಚುಕಡಿಮೆ ಪೂರ್ತಿಯಾಗಿ ಮಂಜುಗಡ್ಡೆಯ ಅಡಿಯಲ್ಲಿ ಹುದುಗಿತ್ತು. ಹಡ್ಸನ್ ಕೊಲ್ಲಿಯ ಸುತ್ತಮುತ್ತ ಆ ಗಡ್ಡೆಯ ದಪ್ಪ ಮೂರು ಕಿಲೋಮೀಟರಿನಷ್ಟಿತ್ತು. ಅದರ ದಕ್ಷಿಣದ ಅಂಚು ಈಗ ನ್ಯೂಯಾರ್ಕ್ ನಗರವಿರುವ ಜಾಗದವರೆಗೂ ಚಾಚಿತ್ತು. ಸ್ಕ್ಯಾಂಡಿನೇವಿಯಾ, ಬ್ರಿಟನ್ನಿನ ಬಹುಭಾಗ ಮತ್ತು ಉತ್ತರದ ಬಾರೆಂಟ್ಸ್ ಸಮುದ್ರದ ಮೇಲೂ ಹಿಮಹೊದಿಕೆ ಹಬ್ಬಿತ್ತು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮ ಈಗಿನ ಎಲ್ಲೆಯನ್ನು ದಾಟಿ ಕಡಲಿನತ್ತ ಹರಡಿಕೊಂಡಿತ್ತು. ಇಷ್ಟೊಂದು ನೀರು ನೆಲದ ಮೇಲೆ ಹೆಪ್ಪುಗಟ್ಟಿ ಕೂತಿದ್ದರಿಂದ ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರ, ಮಲ್ಪೆಯ ದೋಣಿಗಳು ಈಗ ಬಲೆ ಬೀಸುವ ತೀರದ ಕಡಲತಳ ಆಗ ಒಣನೆಲ. ಸುಮಾರು 7,000 ವರ್ಷಗಳ ಹಿಂದಿನ ಹೊತ್ತಿಗೆ ಕೆನಡಾದ ಹಿಮ ಬಹುತೇಕ ಅಳಿದು, ಸಮುದ್ರ ಇಂದಿನ ಮಟ್ಟದ ಹತ್ತಿರಕ್ಕೆ ಬಂದಿತ್ತು. ಕರಗುವಿಕೆ ನಡೆದ ಸುಮಾರು 12,000 ವರ್ಷಗಳಿಗೆ ಆ 120 ಮೀಟರನ್ನು ಹಂಚಿದರೆ ಶತಮಾನಕ್ಕೆ ಒಂದು ಮೀಟರ್ ಬರುತ್ತದೆ.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ಮೂಡುವುದು ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಒಂದೇ ಸಮನೆ ಏರುತ್ತ ಹೋದ ಕಡಲಿನ ಚಿತ್ರ. ಕೆಸರು, ಕಲ್ಲು, ಹವಳಗಳಲ್ಲಿ ಉಳಿದಿರುವ ದಾಖಲೆ ಹೇಳುವುದೇ ಬೇರೆ. ಹಿಮ ಕೆಲವು ಕಾಲ ಹೆಚ್ಚು ಕದಲದೆ ನಿಂತಿತ್ತು, ಆಮೇಲೆ ಕೆಲವೇ ತಲೆಮಾರುಗಳೊಳಗೆ ಕುಸಿಯಿತು, ಮತ್ತೆ ನಿಂತಿತು. ಹಿಮ ಕರಗಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಿದ್ದು ಬಿಸಿಲು ಮತ್ತು ವಾತಾವರಣ. ಎಷ್ಟು ಬೇಗ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಹಿಮದ ಆಕಾರ ಮತ್ತು ಅದು ಕೂತಿದ್ದ ನೆಲ. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಇಂದಿನ ಧ್ರುವಗಳ ಬಗ್ಗೆ ನಾವು ಹಾಕುವ ಅಂದಾಜೂ ದಾರಿ ತಪ್ಪುತ್ತದೆ.

ಮೊದಲು ಬಿಸಿಲಿನ ಪಾತ್ರ. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ, ಅಕ್ಷದ ನಿಧಾನವಾದ ತೂಗಾಟ, ಈ ಮೂರೂ ಸೇರಿ ಉತ್ತರ ಗೋಳಾರ್ಧದ ಬೇಸಿಗೆಯ ಬಿಸಿಲನ್ನು ಹೆಚ್ಚುಕಡಿಮೆ ಮಾಡುತ್ತವೆ ಎಂಬುದನ್ನು ಸೆರ್ಬಿಯಾದ ಮಿಲುಟಿನ್ ಮಿಲಂಕೋವಿಚ್ 20ನೇ ಶತಮಾನದ ಮೊದಲರ್ಧದಲ್ಲಿ ಲೆಕ್ಕ ಹಾಕಿ ತೋರಿಸಿದರು. ಬೇಸಿಗೆ ತಂಪಾಗಿದ್ದರೆ ಚಳಿಗಾಲದಲ್ಲಿ ಬಿದ್ದ ಹಿಮ ಪೂರ್ತಿ ಕರಗದೆ ಮರುವರ್ಷಕ್ಕೆ ಉಳಿಯುತ್ತದೆ. ಬೇಸಿಗೆ ಕಾವೇರಿದರೆ ಉಳಿಕೆ ಕರಗುತ್ತದೆ. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್‌ಟನ್ ಕಡಲತಳದ ಕೆಸರಿನಲ್ಲಿ ಇದೇ ಆವರ್ತಗಳನ್ನು ಗುರುತಿಸಿದ ಮೇಲೆ ಈ ವಿವರಣೆ ಗಟ್ಟಿಯಾಯಿತು. ಕಳೆದ ಹಿಮಯುಗದ ಕೊನೆಯಲ್ಲಿ ಉತ್ತರದ ಬೇಸಿಗೆ ಬಿಸಿಲು ಏರತೊಡಗಿ ಸುಮಾರು 11,000 ವರ್ಷಗಳ ಹಿಂದೆ ತುದಿ ಮುಟ್ಟಿತು. ಆ ನಡುವೆ ಸಾಗರಗಳಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ವಾತಾವರಣದಲ್ಲಿ ದಶಲಕ್ಷಕ್ಕೆ 190 ಭಾಗದಿಂದ 260ರ ಆಸುಪಾಸಿಗೆ ಹೆಚ್ಚಿ, ಕಾವನ್ನು ಇಡೀ ಭೂಮಿಗೆ ಹಬ್ಬಿಸಿತು. ಆದರೆ ಬಿಸಿಲಿನ ಏರಿಕೆಯದು ಸಾವಿರಾರು ವರ್ಷ ಉದ್ದದ ನುಣುಪಾದ ಗೆರೆ. ಹಿಮ ಅದನ್ನಷ್ಟೇ ಹಿಂಬಾಲಿಸಿದ್ದರೆ ಅದು ಬಿಟ್ಟುಹೋದ ಗುರುತುಗಳೂ ಅಷ್ಟೇ ನುಣುಪಾಗಿರಬೇಕಿತ್ತು.

ಆ ಗುರುತುಗಳನ್ನು ವರ್ಷ ವರ್ಷವಾಗಿ ಎಣಿಸಿದ ಮೊದಲಿಗ ಸ್ವೀಡನ್ನಿನ ಭೂವಿಜ್ಞಾನಿ ಯೆರಾರ್ಡ್ ಡೆ ಯೇರ್. ಸ್ಟಾಕ್‌ಹೋಮ್ ಸುತ್ತಲಿನ ಜೇಡಿಯಲ್ಲಿ ತಿಳಿಬಣ್ಣದ ದಪ್ಪ ಪದರ, ಅದರ ಮೇಲೆ ಕಪ್ಪು ತೆಳು ಪದರ, ಮತ್ತೆ ತಿಳಿಬಣ್ಣ ಎಂಬ ಜೋಡಿಗಳು ಸಾಲಾಗಿ ಬರುತ್ತವೆ. ಬೇಸಿಗೆಯಲ್ಲಿ ಕರಗಿದ ನೀರು ಹೊತ್ತು ತಂದ ಒರಟು ರೇವೆ ಹಿಮದ ಮುಂದಿನ ನೀರಿನ ತಳಕ್ಕೆ ಬೇಗ ಕೂರುತ್ತದೆ. ಚಳಿಗಾಲದಲ್ಲಿ ಹರಿವು ನಿಂತಾಗ ನೀರಿನಲ್ಲಿ ತೇಲುತ್ತಿದ್ದ ನುಣ್ಣನೆಯ ಜೇಡಿ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಒಂದು ಜೋಡಿ ಎಂದರೆ ಒಂದು ವರ್ಷ. ಹಿಮದ ಅಂಚು ಉತ್ತರಕ್ಕೆ ಸರಿದಂತೆ ಹೊಸದಾಗಿ ತೆರೆದುಕೊಂಡ ಜಾಗದಲ್ಲಿ ಪದರಗಳು ತಡವಾಗಿ ಶುರುವಾಗುತ್ತವೆ. ಎರಡು ಜಾಗಗಳ ತಳದ ಪದರಗಳನ್ನು ಹೋಲಿಸಿದರೆ, ನಡುವಿನ ದೂರವನ್ನು ಹಿಮ ಎಷ್ಟು ವರ್ಷದಲ್ಲಿ ಬಿಟ್ಟುಕೊಟ್ಟಿತು ಎಂಬುದು ತಿಳಿಯುತ್ತದೆ. 1910ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಭೂವಿಜ್ಞಾನ ಸಮ್ಮೇಳನದ ಮುಂದೆ ಡೆ ಯೇರ್ ಈ ಪಂಚಾಂಗವನ್ನು ಇಟ್ಟರು. ಸ್ಟಾಕ್‌ಹೋಮ್ ಬಳಿ ಅಂಚು ವರ್ಷಕ್ಕೆ ನೂರಾರು ಮೀಟರ್ ಹಿಂದೆ ಸರಿದಿತ್ತು. ಅದಕ್ಕೂ ಮೊದಲು, ಸುಮಾರು 12,900ರಿಂದ 11,700 ವರ್ಷಗಳ ಹಿಂದೆ ಚಳಿ ಮರಳಿ ಬಂದಾಗ, ಅದೇ ಹೊದಿಕೆ ತಡೆದು ನಿಂತಿತ್ತು. ನಿಂತಲ್ಲಿ ಅದು ಸುರಿದ ಮರಳು ಜಲ್ಲಿ ದಕ್ಷಿಣ ಫಿನ್ಲೆಂಡಿನ ಸಾಲ್ಪೌಸೆಲ್ಕಾ ಏರಿಗಳಾಗಿ ಇಂದಿಗೂ ಇದೆ. ಒಂದೇ ಹೊದಿಕೆ ಒಮ್ಮೆ ನಿಲ್ಲುತ್ತದೆ, ಒಮ್ಮೆ ಓಡುತ್ತದೆ.

ಸ್ವೀಡನ್ನಿನ ಜೇಡಿ ಒಂದು ಅಂಚಿನ ಕಥೆ ಹೇಳಿದರೆ, ಹವಳಗಳು ಎಲ್ಲ ಹಿಮದ ಒಟ್ಟು ಲೆಕ್ಕ ಕೊಡುತ್ತವೆ. ಕೆಲವು ಹವಳಗಳು ಬಿಸಿಲು ತಲುಪುವ ಮೇಲುನೀರಿನಲ್ಲಿ ಮಾತ್ರ ಬೆಳೆಯುತ್ತವೆ. ಕಡಲು ಏರಿ ಮುಳುಗಿದರೆ ಅವು ಸಾಯುತ್ತವೆ, ಮೇಲೆ ಹೊಸವು ಹುಟ್ಟುತ್ತವೆ. ಅವುಗಳಲ್ಲಿರುವ ಯುರೇನಿಯಂ ಕಾಲಕ್ರಮೇಣ ಥೋರಿಯಂ ಆಗುವುದರಿಂದ ಸತ್ತ ಹವಳದ ವಯಸ್ಸನ್ನೂ ಖಚಿತವಾಗಿ ಅಳೆಯಬಹುದು. 1989ರಲ್ಲಿ ರಿಚರ್ಡ್ ಫೇರ್‌ಬ್ಯಾಂಕ್ಸ್ ಬಾರ್ಬಡೋಸ್ ದ್ವೀಪದ ಹವಳಗಳಿಂದ ಸಮುದ್ರಮಟ್ಟದ ಚರಿತ್ರೆ ಬರೆದಾಗ ಅದರಲ್ಲಿ ಕಡಿದಾದ ಮೆಟ್ಟಿಲುಗಳು ಕಂಡವು. ಮುಂದೆ ತಾಹಿತಿಯ ಹವಳದ ದಿಬ್ಬಗಳನ್ನು ಕೊರೆದು ತೆಗೆದ ಮಾದರಿಗಳು 2012ರಲ್ಲಿ ಅತಿ ದೊಡ್ಡ ಮೆಟ್ಟಿಲಿನ ಅಳತೆ ಕೊಟ್ಟವು: ಸುಮಾರು 14,650 ವರ್ಷಗಳ ಹಿಂದೆ ಶುರುವಾಗಿ, ಮೂರೂವರೆ ಶತಮಾನದೊಳಗೆ ಕಡಲು 14ರಿಂದ 18 ಮೀಟರ್ ಏರಿತು. ಎಂದರೆ ವರ್ಷಕ್ಕೆ ನಾಲ್ಕು ಸೆಂಟಿಮೀಟರಿಗೂ ಹೆಚ್ಚು, ಸರಾಸರಿಯ ನಾಲ್ಕು ಪಟ್ಟು. ಉತ್ತರ ಅಟ್ಲಾಂಟಿಕ್ ಆಗ ಥಟ್ಟನೆ ಬೆಚ್ಚಗಾಗಿದ್ದು ನಿಜ. ಆದರೆ ಅಷ್ಟು ನೀರು ಬರಲು ಹಿಮದ ಆಕಾರವೂ ಕೈಜೋಡಿಸಬೇಕು. ಉತ್ತರ ಅಮೆರಿಕದ ಪೂರ್ವ ಮತ್ತು ಪಶ್ಚಿಮದ ಎರಡು ಹಿಮರಾಶಿಗಳ ನಡುವೆ ತಗ್ಗಾದ ಸೇತುವೆಯಂಥ ಭಾಗವಿತ್ತು. ಅದರ ಮೇಲ್ಮೈ ಕರಗಿ ಕೆಳಗಿಳಿದಷ್ಟೂ ಬೆಚ್ಚನೆಯ ಗಾಳಿಗೆ ಸಿಕ್ಕಿತು, ಸಿಕ್ಕಷ್ಟೂ ಇನ್ನಷ್ಟು ಇಳಿಯಿತು. ಹೀಗೆ ಕರಗುವಿಕೆಯೇ ಕರಗುವಿಕೆಯನ್ನು ಹೆಚ್ಚಿಸುವ ಸುಳಿ ಅಲ್ಲಿ ಹುಟ್ಟಿಕೊಂಡಿತೆಂದು ಕಂಪ್ಯೂಟರ್ ಮಾದರಿಗಳು ತೋರಿಸುತ್ತವೆ. ಅಂಟಾರ್ಕ್ಟಿಕಾದ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೆಟ್ಟಿಲು ಇತ್ತೆಂಬುದರಲ್ಲಿ ಅನುಮಾನ ಉಳಿದಿಲ್ಲ.

ಇನ್ನೂ ಸೂಕ್ಷ್ಮವಾದ ಗಡಿಯಾರವೊಂದು ನಾರ್ವೆಯ ಕರಾವಳಿಯಾಚೆ ಕಡಲತಳದಲ್ಲಿದೆ. ಅಲ್ಲಿ ಒಂದರ ಪಕ್ಕ ಒಂದರಂತೆ 7,600ಕ್ಕೂ ಹೆಚ್ಚು ಸಣ್ಣ ದಿಣ್ಣೆಗಳಿವೆ. ಎತ್ತರ ಎರಡೂವರೆ ಮೀಟರಿನೊಳಗೆ, ನಡುವಿನ ಅಂತರ 25ರಿಂದ 300 ಮೀಟರ್. ಹಿಮದ ಅಂಚು ಉಬ್ಬರದಲ್ಲಿ ತುಸು ಮೇಲೆದ್ದು ಇಳಿತದಲ್ಲಿ ನೆಲಕ್ಕೆ ಕೂತಾಗಲೆಲ್ಲ ಅಡಿಯ ಕೆಸರನ್ನು ಹಿಂಡಿ ಒಂದು ದಿಣ್ಣೆ ಮೂಡಿಸುತ್ತಿತ್ತು. ದಿನಕ್ಕೆ ಎರಡು ಇಳಿತ, ಎರಡು ದಿಣ್ಣೆ. ಈ ಲೆಕ್ಕದಿಂದ 2023ರಲ್ಲಿ ಪ್ರಕಟವಾದ ಅಧ್ಯಯನ ಕೆಲವೆಡೆ ಅಂಚು ದಿನಕ್ಕೆ 55ರಿಂದ 610 ಮೀಟರ್ ಹಿಂದೆ ಸರಿದಿತ್ತೆಂದು ಹೇಳಿತು. ಅತಿ ವೇಗ ಕಂಡದ್ದು ಕಡಲತಳ ಅತಿ ಸಮತಟ್ಟಾಗಿದ್ದ ಜಾಗಗಳಲ್ಲಿ. ಅದಕ್ಕೆ ಕಾರಣ ಸರಳ ಭೌತವಿಜ್ಞಾನ. ನೀರಿಗಿಂತ ಹಗುರವಾದ ಹಿಮ ತನ್ನ ಭಾರದಿಂದಷ್ಟೇ ಕಡಲತಳಕ್ಕೆ ಒತ್ತಿಕೊಂಡಿರುತ್ತದೆ. ತೆಳುವಾಗುತ್ತ ಒಂದು ಮಿತಿ ದಾಟಿದರೆ ಅದು ತೇಲುತ್ತದೆ, ಒಡೆಯುತ್ತದೆ. ನೆಲ ಇಳಿಜಾರಾಗಿದ್ದರೆ ಆ ಮಿತಿ ಹಂತಹಂತವಾಗಿ ಬರುತ್ತದೆ. ಸಮತಟ್ಟಾಗಿದ್ದರೆ ವಿಶಾಲವಾದ ಪಟ್ಟಿಯೊಂದು ಹೆಚ್ಚುಕಡಿಮೆ ಒಟ್ಟಿಗೇ ನೆಲ ಬಿಡುತ್ತದೆ. ಕಾವು ಎರಡೂ ಕಡೆ ಒಂದೇ. ವೇಗ ಮಾತ್ರ ಬೇರೆ.

ಇಳಿತಕ್ಕೊಂದು ದಿಣ್ಣೆ ಎಂಬುದು ಊಹೆಯಲ್ಲವೇ, ಅದರ ಮೇಲೆ ಇಷ್ಟು ದೊಡ್ಡ ವಾದ ಕಟ್ಟಬಹುದೇ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ದಿಣ್ಣೆಗಳ ಮೇಲೆ ತಾರೀಖು ಬರೆದಿಲ್ಲ. ಇಂಥ ಓಟಗಳು ಹೆಚ್ಚೆಂದರೆ ಕೆಲವು ದಿನ, ಕೆಲವು ತಿಂಗಳು ನಡೆದವೆಂಬುದನ್ನೂ ಒಪ್ಪಬೇಕು; ದಿನಕ್ಕೆ 600 ಮೀಟರಿನ ವೇಗ ಒಂದು ವರ್ಷ ಉಳಿದಿದ್ದರೆ ಅಂಚು 200 ಕಿಲೋಮೀಟರಿಗೂ ಹೆಚ್ಚು ಸರಿಯಬೇಕಿತ್ತು. ಆದರೆ ಈ ವಾದ ದಿಣ್ಣೆಗಳೊಂದನ್ನೇ ನಂಬಿ ನಿಂತಿಲ್ಲ. ಋತುಗಳ ಪದರ, ಸಮುದ್ರದ ಉಬ್ಬರವಿಳಿತ, ಯುರೇನಿಯಂನ ಕ್ಷಯ, ಇವು ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಗಡಿಯಾರಗಳು. ಒಂದು ಕೆಟ್ಟರೂ ಉಳಿದೆರಡು ಕೆಡಬೇಕಿಲ್ಲ. ಮೂರೂ ಬೇರೆ ಬೇರೆ ಅಳತೆಯಲ್ಲಿ ತೋರಿಸುವುದು ನಿಂತು ನಿಂತು ಓಡಿದ ಹಿಮವನ್ನೇ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಆಗ ಕರಗಿದ್ದು ಸಮಶೀತೋಷ್ಣ ವಲಯದವರೆಗೆ ಚಾಚಿದ್ದ ಹಿಮ. ಈಗ ಉಳಿದಿರುವುದು ಧ್ರುವಗಳ ಕೊರೆಯುವ ಚಳಿಯಲ್ಲಿ ಹತ್ತು ಸಾವಿರ ವರ್ಷಗಳ ಬೆಚ್ಚನೆಯ ಕಾಲವನ್ನೂ ತಾಳಿಕೊಂಡ ಹಿಮ. ಅದಕ್ಕೂ ಇದಕ್ಕೂ ಹೋಲಿಕೆ ಏಕೆ? ಪೂರ್ವ ಅಂಟಾರ್ಕ್ಟಿಕಾದ ಬಹುಭಾಗದ ಮಟ್ಟಿಗೆ ಈ ಮಾತು ಸರಿ. ಆದರೆ ಬಾರೆಂಟ್ಸ್ ಸಮುದ್ರದ ಹೊದಿಕೆಯನ್ನು ನೆನೆಯಿರಿ. ಅದಿದ್ದದ್ದು ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವೆ, ಆರ್ಕ್ಟಿಕ್ ವೃತ್ತದ ಒಳಗೇ. ಚಳಿ ಅದನ್ನು ಉಳಿಸಲಿಲ್ಲ, ಏಕೆಂದರೆ ಅದು ಕೂತಿದ್ದು ಸಮುದ್ರಮಟ್ಟಕ್ಕಿಂತ ಕೆಳಗಿನ ತಳದ ಮೇಲೆ. ಕಡಲು ಅದನ್ನು ಬುಡದಿಂದಲೇ ಮುಟ್ಟಬಲ್ಲದಾಗಿತ್ತು. ಇಂದು ಅದೇ ಸ್ಥಿತಿಯಲ್ಲಿರುವುದು ಪಶ್ಚಿಮ ಅಂಟಾರ್ಕ್ಟಿಕಾ. ಅಲ್ಲಿನ ಬಹುಪಾಲು ಹಿಮದ ಬುಡ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಥ್ವೇಟ್ಸ್ ಹಿಮನದಿಯಂಥ ಕಡೆ ಒಳಗೆ ಹೋದಷ್ಟೂ ಆಳವಾಗುತ್ತದೆ. ಅಂಚು ಹಿಂದೆ ಸರಿದಂತೆ ಇನ್ನೂ ದಪ್ಪನೆಯ ಹಿಮ ಕಡಲಿಗೆ ಎದುರಾಗಿ, ಹರಿದುಹೋಗುವ ಪ್ರಮಾಣವೂ ಹೆಚ್ಚುತ್ತದೆ. ಹಿಮಯುಗದ ನಂತರ ರಾಸ್ ಸಮುದ್ರದಲ್ಲಿ ಇದೇ ಪಶ್ಚಿಮ ಅಂಟಾರ್ಕ್ಟಿಕಾದ ಹಿಮ ಸಾವಿರ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಹಾಗಾಗಿ ಹೋಲಿಸಬೇಕಾದ್ದು ಅಕ್ಷಾಂಶವನ್ನಲ್ಲ, ಬುಡವನ್ನು.

ಹಿಮ ಹಗುರವಾದಾಗ ಅಡಿಯ ನೆಲ ಮೇಲೇರಿ ಕುಸಿತಕ್ಕೆ ತಡೆಯೊಡ್ಡುತ್ತದೆ ಎಂಬ ಮಾತಿಗೂ ಆಧಾರವಿದೆ. ಬಾಥ್ನಿಯಾ ಕೊಲ್ಲಿಯ ದಡ, ಮೇಲಿನ ಹಿಮ ಹೋಗಿ ಸುಮಾರು ಹತ್ತು ಸಾವಿರ ವರ್ಷವಾದರೂ, ವರ್ಷಕ್ಕೆ ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಏರುತ್ತಲೇ ಇದೆ. 1731ರಲ್ಲಿ ಆಂಡರ್ಸ್ ಸೆಲ್ಸಿಯಸ್ ಸ್ವೀಡನ್ನಿನ ಲೊವ್‌ಗ್ರುಂಡ್ ದ್ವೀಪದ ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಕೊರೆಸಿದ ಗುರುತು ಈಗ ನೀರಿನಿಂದ ಬಹಳ ಮೇಲಿದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್ಸನ್ ಸಮುದ್ರದ ತೀರದಲ್ಲಿ ನೆಲ ವರ್ಷಕ್ಕೆ ನಾಲ್ಕು ಸೆಂಟಿಮೀಟರಿನವರೆಗೂ ಏರುತ್ತಿರುವುದನ್ನು ಜಿಪಿಎಸ್ ಅಳೆದಿದೆ. ಇದು ಸಮಾಧಾನದ ಸುದ್ದಿಯೇ. ಆದರೆ ಇದೇ ತಡೆ ಹಿಂದೆಯೂ ಇತ್ತು, ಇದ್ದರೂ ಬಾರೆಂಟ್ಸ್ ಹೊದಿಕೆ ಅಳಿಯಿತು. ನೆಲ ಏರುವುದು ಹಿಮ ಹೋದ ನಂತರ. ತಡೆ ಬಲಿಯುವ ಮೊದಲೇ ಅಂಚು ದೂರ ಸರಿಯಬಹುದು.

ಇದೆಲ್ಲ ಪ್ರಕೃತಿಯ ಆಟ, ಮನುಷ್ಯನಿಲ್ಲದೆಯೂ ಹಿಮ ಕರಗಿತ್ತು ಎನ್ನುವವರಿಗೆ ಉತ್ತರ ಅದೇ ಚರಿತ್ರೆಯಲ್ಲಿದೆ. ಆಗ ಕರಗಿಸಿದ ಬಿಸಿಲು 11,000 ವರ್ಷಗಳ ಹಿಂದೆ ತುದಿ ಮುಟ್ಟಿ, ಅಂದಿನಿಂದ ಇಳಿಯುತ್ತ ಬಂದಿದೆ. ಕಕ್ಷೆಯ ಲೆಕ್ಕದಲ್ಲಿ ಉತ್ತರದ ಬೇಸಿಗೆ ಈಗ ತಂಪಿನತ್ತ ವಾಲಬೇಕು. ಆಗ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 70-80 ಭಾಗ ಹೆಚ್ಚಲು ಸಾವಿರಾರು ವರ್ಷ ಹಿಡಿಯಿತು. ಕೈಗಾರಿಕಾ ಯುಗದಲ್ಲಿ ಅದು 280ರಿಂದ 420ರ ಆಚೆಗೆ ಹೋಗಲು ಮೂರು ಶತಮಾನವೂ ಬೇಕಾಗಲಿಲ್ಲ. ಹಿಮ ಕರಗುವ ವಿಧಾನ ಪ್ರಕೃತಿಯದೇ, ಅದನ್ನು ಈ ಬಾರಿ ಚಾಲೂ ಮಾಡಿರುವವರು ನಾವು.

ಈಗ ಸಮುದ್ರಮಟ್ಟ ವರ್ಷಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ಏರುತ್ತಿದೆ. ಈ ಅಂಕಿಯನ್ನು ಮುಂದಕ್ಕೆ ಎಳೆದು ಬಂದರು, ತಡೆಗೋಡೆ, ಕರಾವಳಿಯ ರಸ್ತೆಗಳ ಎತ್ತರ ನಿಗದಿ ಮಾಡಿದರೆ ಸರಾಸರಿಯ ತಪ್ಪನ್ನೇ ಮತ್ತೆ ಮಾಡಿದಂತೆ. ಸರಾಸರಿ ಮಳೆ ನೋಡಿ ಯಾರೂ ಕೆರೆಗೆ ಕೋಡಿ ಕಟ್ಟುವುದಿಲ್ಲ. ಬರಬಹುದಾದ ದೊಡ್ಡ ನೆರೆಯನ್ನು ನೋಡಿ ಕಟ್ಟುತ್ತಾರೆ. ಹಿಮಯುಗದ ಅಂತ್ಯ ನಮಗೆ ಆ ನೆರೆಯ ಅಳತೆ ಕೊಟ್ಟಿದೆ. ಉಳಿದಿರುವ ಹಿಮ ಆಗಿನಷ್ಟಿಲ್ಲವಾದ್ದರಿಂದ ಮೂರೂವರೆ ಶತಮಾನದಲ್ಲಿ 18 ಮೀಟರ್ ಮತ್ತೆ ಏರೀತೆಂದು ಹೆದರಬೇಕಿಲ್ಲ. ಆದರೆ ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಕಡಲಿಗೆ ಬುಡ ಒಡ್ಡಿಕೊಂಡಿರುವ ಹಿಮವೊಂದೇ ಸಮುದ್ರವನ್ನು ಮೂರು ಮೀಟರಿಗೂ ಹೆಚ್ಚು ಏರಿಸಬಲ್ಲದು. ಅದು ಎಂದು ಓಡಲು ಶುರುಮಾಡುತ್ತದೆ ಎಂಬುದು ಥರ್ಮಾಮೀಟರಿನಿಂದ ಮಾತ್ರ ತಿಳಿಯುವಂಥದ್ದಲ್ಲ. ಆ ಹಿಮದ ಅಡಿಯ ನೆಲ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ, ಎಲ್ಲಿ ಸಮತಟ್ಟಾಗಿದೆ ಎಂಬ ನಕ್ಷೆ ಬೇಕು. ದುಬಾರಿ ಹಡಗು, ವಿಮಾನ, ರೇಡಾರುಗಳನ್ನು ಕಳಿಸಿ ಅಂಟಾರ್ಕ್ಟಿಕಾದ ಕತ್ತಲ ತಳವನ್ನು ಅಳೆಯುವ ಕೆಲಸ ಕರಾವಳಿ ಇರುವ ಎಲ್ಲ ದೇಶಗಳ ಖರ್ಚಿನ ಪಟ್ಟಿಯಲ್ಲಿ ಇರಬೇಕಾದದ್ದು ಈ ಕಾರಣಕ್ಕೆ.