ಟರ್ಬೈನ್ ತಲುಪಿತು, ಸಿಮೆಂಟ್ ತಲುಪಲಿಲ್ಲ

2008ರ ಆಗಸ್ಟ್ ಕೊನೆಯಲ್ಲಿ ದಕ್ಷಿಣ ಅಫ್ಘಾನಿಸ್ತಾನದ ಕಂದಹಾರ್‌ನಿಂದ ನೂರರಷ್ಟು ವಾಹನಗಳ ಸಾಲೊಂದು ಹೊರಟಿತು. ಲಾರಿಗಳ ಮೇಲೆ ಸುಮಾರು 220 ಟನ್ ತೂಕದ ಟರ್ಬೈನ್ ಬಿಡಿಭಾಗಗಳು. ಕಾವಲಿಗೆ ಬ್ರಿಟಿಷರ ನೇತೃತ್ವದ ಸಾವಿರಾರು ಸೈನಿಕರು. ಹೋಗಬೇಕಾದದ್ದು ಹೆಲ್ಮಂಡ್ ನದಿಯ ಕಜಾಕಿ ಅಣೆಕಟ್ಟಿಗೆ. 1950ರ ದಶಕದಲ್ಲಿ ಅಮೆರಿಕದ ಕಂಪನಿಯೊಂದು ಕಟ್ಟಿದ ಈ ಅಣೆಕಟ್ಟಿನ ಪವರ್‌ಹೌಸ್‌ನಲ್ಲಿ ಎರಡು ಟರ್ಬೈನ್ ಇದ್ದವು, ನಡುವಿನ ಜಾಗ ಖಾಲಿಯಿತ್ತು. ತಾಲಿಬಾನ್ ಹಾವಳಿಯ ದಾರಿಯಲ್ಲಿ ದಿನಗಟ್ಟಲೆ ತೆವಳಿಕೊಂಡು ಹೋಗಿ, ಸಾಮಾನು ತಲುಪಿಸಿಯೇಬಿಟ್ಟರು.

ಆಮೇಲೆ? ಟರ್ಬೈನ್ ಕೂರಿಸಲು ನೂರಾರು ಟನ್ ಸಿಮೆಂಟ್ ಬೇಕು. ಸೈನ್ಯ ಒಂದು ಸಲ ಲಾರಿಗಳನ್ನು ಕಾದುಕೊಂಡು ಹೋಗಬಹುದು. ಆದರೆ ಸಿಮೆಂಟು, ಜಲ್ಲಿ, ಕೆಲಸಗಾರರು ದಿನಾ ಓಡಾಡಬೇಕಲ್ಲ, ಅಂಥ ರಸ್ತೆ ಇರಲೇ ಇಲ್ಲ. ಗುತ್ತಿಗೆ ಹಿಡಿದಿದ್ದ ಚೀನೀ ಕಂಪನಿ ಜಾಗ ಖಾಲಿ ಮಾಡಿತು. ಬಿಡಿಭಾಗಗಳು ಬಿದ್ದಲ್ಲೇ ಬಿದ್ದಿದ್ದವು. ಟರ್ಬೈನ್ ತಿರುಗಿದ್ದು 2016ರಲ್ಲಿ. ಹದಿನೆಂಟೂವರೆ ಮೆಗಾವ್ಯಾಟ್‌ಗೆ ಎಂಟು ವರ್ಷ!

ಇನ್ನೊಂದು ತಮಾಷೆ ಕೇಳಿ. ಕಜಾಕಿಯ ಕರೆಂಟಿನ ಒಂದು ಪಾಲು ಹೋಗುತ್ತಿದ್ದದ್ದು ತಾಲಿಬಾನ್ ಹಿಡಿತದ ಊರುಗಳಿಗೇ. ಅಲ್ಲಿ ಬಿಲ್ ವಸೂಲಿ ಮಾಡುತ್ತಿದ್ದವರೂ ಅವರೇ. ನಮಗೆ ಇಡೀ ಕಥೆಯ ತಿರುಳು ಕಾಣೋದು ಈ ಬಿಲ್ಲಿನಲ್ಲಿ. ಜನ ದುಡ್ಡು ಯಾರಿಗೆ ಕಟ್ಟುತ್ತಾರೆ, ಜಗಳವಾದರೆ ಯಾರ ಹತ್ತಿರ ಹೋಗುತ್ತಾರೆ ಅನ್ನೋದರ ಮೇಲೆ ಸರ್ಕಾರ ನಿಂತಿರುತ್ತೆ. ಅದನ್ನು ಹೊರಗಿನ ಸೈನ್ಯ ಲಾರಿಯಲ್ಲಿ ಹೇರಿಕೊಂಡು ಬರೋಕಾಗಲ್ಲ.

‘ಹಾಗಾದ್ರೆ ಜಪಾನ್?’ ಅಂತ ಕ್ಯಾಂಟೀನಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1945ರಿಂದ 1952ರವರೆಗೆ ಅಮೆರಿಕದ ನೇತೃತ್ವದ ಸೈನ್ಯ ಅಲ್ಲಿ ಕೂತಿತ್ತು, ದೇಶ ಎದ್ದು ನಿಂತಿತು, ನಿಜ. ಆದರೆ ನಗರಗಳು ಸುಟ್ಟುಹೋಗಿದ್ದರೂ ಸರ್ಕಾರಿ ಇಲಾಖೆಗಳು ಉಳಿದಿದ್ದವು. ಗೆದ್ದವರು ಅವುಗಳ ಮೂಲಕವೇ ಆಡಳಿತ ನಡೆಸಿದರು. ಶಾಲೆ, ಕಾರ್ಖಾನೆ, ಎಂಜಿನಿಯರುಗಳು ಮೊದಲೇ ಇದ್ದರು. ಮುಖ್ಯವಾಗಿ ಯುದ್ಧ ನಿಂತಿತ್ತು. ಅದು ರಿಪೇರಿ ಕೆಲಸ. ಅಫ್ಘಾನಿಸ್ತಾನದಲ್ಲಿ ಗುಂಡು ಹಾರುತ್ತಿರುವಾಗಲೇ ಅಡಿಪಾಯ ತೋಡಬೇಕಿತ್ತು.

ಹಾಗಂತ ಇಪ್ಪತ್ತು ವರ್ಷದಲ್ಲಿ ಏನೂ ಆಗಲಿಲ್ಲ ಅಂದರೆ ಅನ್ಯಾಯವಾದೀತು. ಲಕ್ಷಾಂತರ ಹೆಣ್ಣುಮಕ್ಕಳು ಶಾಲೆಗೆ ಹೋದರು, ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರೂ ಇದ್ದರು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲು ಹುಡುಗಿಯರಿಗೆ ಮುಚ್ಚಿತು. ಕಜಾಕಿ ಈಗ ಟರ್ಬೈನ್‌ಗಳ ಸಮೇತ ತಾಲಿಬಾನ್ ಕೈಯಲ್ಲಿದೆ.