455ಕ್ಕೆ ಒಂದು ಹುಲಿ

2018ರ ಹುಲಿ ಗಣತಿಯ ಫಲಿತಾಂಶವನ್ನು ನಾವು ಕ್ರಿಕೆಟ್ ಸ್ಕೋರಿನಂತೆ ಓದಿದೆವು: ಮಧ್ಯಪ್ರದೇಶ 526, ಕರ್ನಾಟಕ 524. ಅಯ್ಯೋ, ಎರಡೇ ಹುಲಿಯಲ್ಲಿ ಮೊದಲ ಸ್ಥಾನ ತಪ್ಪಿತಲ್ಲ! ದೇಶದ ಒಟ್ಟು ಲೆಕ್ಕ 2,967. ಇದನ್ನು ಎಣಿಸಿದ ಬಗೆ ಓದಿದಾಗ ನನಗೆ ಸ್ಕೋರು ಮರೆತೇಹೋಯಿತು.

26,838 ಕಡೆ ಕ್ಯಾಮೆರಾ ಕಟ್ಟಿದ್ದರು. ಪ್ರಾಣಿ ಎದುರು ಸುಳಿದರೆ ತಾನೇ ಕ್ಲಿಕ್ಕಿಸುವ ಪೆಟ್ಟಿಗೆಗಳು. ಬಂದ ಚಿತ್ರ 3,48,58,623. ಒಂದಕ್ಕೆ ಒಂದೇ ಸೆಕೆಂಡಿನಂತೆ, ಊಟ ನಿದ್ದೆ ಬಿಟ್ಟು ನೋಡಿದರೂ 403 ದಿನ ಬೇಕು. ಹುಲಿ ಇದ್ದದ್ದು 76,651ರಲ್ಲಿ. ಅಂದರೆ ಸುಮಾರು 455 ಚಿತ್ರಕ್ಕೆ ಒಂದು. 51,777ರಲ್ಲಿ ಚಿರತೆ. ಮಿಕ್ಕಿದ್ದೆಲ್ಲ ಜಿಂಕೆ, ಕಡವೆ, ಕಾಡುಹಂದಿಯಂಥವು.

ಸಿಕ್ಕಿದ್ದು ಯಾವ ಹುಲಿ? ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇಕೆ, ಒಂದೇ ಹುಲಿಯ ಎಡಮಗ್ಗುಲು ಬಲಮಗ್ಗುಲಿಗೆ ತಾಳೆಯಾಗದು. ಅದಕ್ಕೇ ಕಾಡುದಾರಿಯ ಆಚೆಗೊಂದು ಈಚೆಗೊಂದು ಜೋಡಿ ಕ್ಯಾಮೆರಾ. 1990ರ ದಶಕದಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು (ಹೌದು, ಸಾಹಿತಿ ಶಿವರಾಮ ಕಾರಂತಜ್ಜನ ಮಗ) ನಾಗರಹೊಳೆಯಲ್ಲಿ ಈ ಪಟ್ಟೆ ಲೆಕ್ಕಕ್ಕೆ ಕೈಹಾಕಿದಾಗ, ಸರಕಾರಿ ಗಣತಿ ಇನ್ನೂ ಹೆಜ್ಜೆಗುರುತುಗಳನ್ನೇ ನಂಬಿಕೊಂಡಿತ್ತು. 2018ರಲ್ಲಿ ಪಟ್ಟೆ ಹೋಲಿಸುವುದಕ್ಕೆ ಸಾಫ್ಟ್‌ವೇರ್ ಇತ್ತು. ಮರಿಗಳನ್ನು ಬಿಟ್ಟು 2,461 ಹುಲಿಗಳ ಗುರುತು ಸಿಕ್ಕಿತು.

ಸಾಫ್ಟ್‌ವೇರಿಗೆ ಕಾಲಿಲ್ಲವಲ್ಲ. ಹೆಚ್ಚುಕಡಿಮೆ ಎರಡು ಕರ್ನಾಟಕದಷ್ಟು, 3,81,200 ಚದರ ಕಿಲೋಮೀಟರ್ ಕಾಡು. ಅದರಲ್ಲಿ ಗಣತಿಯವರು ನಡೆದದ್ದು 5,22,996 ಕಿಲೋಮೀಟರ್. ಭೂಮಿಯನ್ನು 13 ಸುತ್ತು ಹಾಕಿದಂತೆ, ಅದೂ ಮುಳ್ಳುಪೊದೆಯ ನಡುವೆ. 3,17,958 ಕಡೆ ನಿಂತು ಗಿಡಮರ ಯಾವುವು, ಬಿದ್ದಿರುವ ಹಿಕ್ಕೆ, ಸಗಣಿ ಯಾವ ಪ್ರಾಣಿಯದು ಎಂದು ಬರೆದುಕೊಂಡರು. ಜಿಂಕೆ, ಕಡವೆ ಇಲ್ಲದ ಕಡೆ ಹುಲಿಗೇನು ಕೆಲಸ? ಹುಲಿ ಗಣತಿಗೆ ಹೋದವರು ಹುಲಿಗಿಂತ ಹೆಚ್ಚು ಹಿಕ್ಕೆಯನ್ನೇ ನೋಡಿ ಬಂದಿರುತ್ತಾರೆ.

ಕಾಡಿನ ಕೆಲಸ, ಚಿತ್ರ ನೋಡುವ ಕೆಲಸ ಎಲ್ಲ ಸೇರಿ 6,20,795 ಮಾನವ ದಿನ. ಒಬ್ಬನೇ ಒಂದು ದಿನವೂ ರಜೆ ಹಾಕದೆ ಮಾಡಿದ್ದರೆ 1,700 ವರ್ಷ. 2018ಕ್ಕೆ ಮುಗಿಯಬೇಕೆಂದರೆ, ಬನವಾಸಿಯಲ್ಲಿ ಮಯೂರಶರ್ಮ ಪಟ್ಟಕ್ಕೆ ಬರುವ ಮೊದಲೇ ಹೊರಟಿರಬೇಕಿತ್ತು.

ಇಷ್ಟಾದರೂ 2,967ರಲ್ಲಿ 2,461 ಕಳೆದರೆ 506 ಉಳಿಯುತ್ತದೆ. ಇವುಗಳ ಪಟ್ಟೆಯನ್ನು ಯಾರೂ ನೋಡಿಲ್ಲ. ಕಂಡ ಹುಲಿಗಳು ಎಷ್ಟು ಸಲ ಮತ್ತೆ ಕಂಡವು, ಎಲ್ಲಿ ಬೇಟೆ ಎಷ್ಟಿದೆ ಎಂಬುದರಿಂದ ಗಣಿತ ಹಾಕಿ ಅಂದಾಜು ಮಾಡಿದ ಹುಲಿಗಳಿವು. ನಾವು ಸ್ಕೋರು ಹೋಲಿಸುತ್ತಿದ್ದ 526, 524ರೊಳಗೂ ಇಂಥವು ಸೇರಿವೆ.